ಅರ್ಧಸಕ್ಕರೆ

ಸೂಸಾಮಿರ್ ಹುಲ್ಲುಗಾವಲು
ಜೂನ್ 8

ನನ್ನ ಬಾನಾಡಿಗೆ,

ಕುಮಿಸ್ ಒಯ್ಯುವ ತುರಾತನ ಲಾರಿ ನಾಳೆ ಬೆಳಿಗ್ಗೆ ಬಿಷ್ಕೇಕಿಗೆ ಇಳಿಯುತ್ತದೆ. ಅವನ ಕೈಯಲ್ಲಿ ಈ ಕಾಗದ, ಎರಡು ಡಬ್ಬಿ ಕುಮಿಸ್, ಒಂದು ಗಂಟು ಒಣಮೊಸರಿನ ಉಂಡೆ ಕಳಿಸಿದ್ದೇನೆ. ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ತಿರುಗಿಸು. ಹೋದ ವರ್ಷದ ಹಾಗೆ ಮುಖಕ್ಕೆಲ್ಲ ಹಾರಿಸಿಕೊಂಡು ಆಮೇಲೆ ಕುದುರೆಗಳನ್ನು ಬೈಯಬೇಡ.

ಈ ಸಲ ಕುಮಿಸ್ ಹುದುಗಿಸಲು ಹನ್ನೊಂದು ಕುದುರೆಗಳು ಹಾಲು ಕೊಡುತ್ತಿವೆ. ಎರಡು ಗಂಟೆಗೊಮ್ಮೆ ಕರೆಯಬೇಕು. ನಿನ್ನ ಅಣ್ಣ ಇದ್ದಾಗ ಮರಿಗಳನ್ನು ಅವರು ಹಿಡಿಯುತ್ತಿದ್ದರು, ನಾನು ಕರೆಯುತ್ತಿದ್ದೆ. ಈಗ ಪಕ್ಕದ ಗುಡಾರದ ಮೈರಾಮ್ ಬರುತ್ತಾಳೆ. ಬಾಯಿ ಸ್ವಲ್ಪ ಜಾಸ್ತಿ, ಕೈ ಒಳ್ಳೆಯದು.

ನಿನಗೆ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಮೊನ್ನೆ ಬಿಷ್ಕೇಕಿನಿಂದ ಮೂವರು ಹುಡುಗಿಯರು ಕುಮಿಸ್ ಕುಡಿಯಲು ಬಂದಿದ್ದರು. ಒಬ್ಬಳ ಕೈಯಿಂದ ಬಟ್ಟಲು ಜಾರಿ ಎಲ್ಲ ಚೆಲ್ಲಿತು. ಇನ್ನೊಬ್ಬಳು ಎದೆ ಬಡಿದುಕೊಂಡು, ರಾಗವಾಗಿ, "ಅಯ್ಯೋ, ನನ್ನ ಅರ್ಧಸಕ್ಕರೆಯೇ!" ಅಂದಳು. ಮೂವರೂ ಬಿದ್ದು ಬಿದ್ದು ನಕ್ಕರು.

ಅದು ನನ್ನ ರಾಗ. ಹೋದ ಅಕ್ಟೋಬರಿನಲ್ಲಿ ನಿನ್ನ ಅಣ್ಣನ ಮುಂದೆ ನಾನು ಹಾಡಿದ ಕೊಶೊಕ್. ಸತ್ತವರನ್ನು ಕಳಿಸಿಕೊಡುವ ಹಾಡನ್ನು ಕುಮಿಸ್ ಚೆಲ್ಲಿದ್ದಕ್ಕೆ ಯಾರಾದರೂ ಹಾಡುತ್ತಾರೆಯೇ?

"ಯಾರ್ ಹೇಳ್ಕೊಟ್ರಮ್ಮ ನಿಂಗೆ ಇದನ್ನ?" ಅಂತ ಕೇಳಿದೆ.

"ಎಲ್ರೂ ಹೇಳ್ತಾರಕ್ಕ! ಫೋನ್ ಚಾರ್ಜ್ ಹೋದ್ರೆ ಅರ್ಧಸಕ್ಕರೆ, ಬಸ್ಸು ತಪ್ಪಿದ್ರೆ ಅರ್ಧಸಕ್ಕರೆ, ಹುಡುಗ ಕೈಕೊಟ್ರಂತೂ ಪೂರಾ ಅರ್ಧಸಕ್ಕರೆ," ಅಂದಳು. ಫೋನು ತೆಗೆದು ತೋರಿಸಿದಳು. ಗುಡಾರದ ಗೋಡೆಗೆ ಮುಖ ಮಾಡಿ ಕೂತ ಕಪ್ಪು ಬಟ್ಟೆಯ ಒಂದು ಬೆನ್ನು. ನನ್ನ ಬೆನ್ನು. ನಾಲ್ಕು ಕ್ಷಣದ ದನಿ, ಅಷ್ಟೇ. ಮುಖ ಕಾಣುವುದಿಲ್ಲ ಎನ್ನುವುದಷ್ಟೇ ದೇವರು ಮಾಡಿದ ಉಪಕಾರ. ಆ ಹುಡುಗಿಗೆ ನಾನೇ ಅದೆಂದು ತಿಳಿಯಲೇ ಇಲ್ಲ. ಇನ್ನೊಂದು ಬಟ್ಟಲು ಕುಮಿಸ್ ಕೇಳಿದಳು, ಕೊಟ್ಟೆ.

ನಿನಗೆ ಫೋನಿನ ಜಗತ್ತು ಗೊತ್ತು. ಇದನ್ನು ಮಾಡಿದ್ದು ಯಾರೆಂದು ಹುಡುಕಿ ಹೇಳು. ನಿನ್ನ ಬಿಟ್ಟರೆ ನನಗೆ ಕೇಳಲು ಯಾರಿದ್ದಾರೆ?

ನಿನ್ನ ಅತ್ತಿಗೆ,
ಬುರುಲ್

*

ಬಿಷ್ಕೇಕ್
ಜೂನ್ 15

ಪ್ರೀತಿಯ ಅತ್ತಿಗೆ,

ಕುಮಿಸ್ ಬಂತು. ಮುಚ್ಚಳವನ್ನು ಮೆಲ್ಲಗೇ ತೆಗೆದೆ, ಆದರೂ ಅರ್ಧ ಗೋಡೆಗೆ ಹೋಯಿತು. ಹೊಲಿಗೆ ಕಾರ್ಖಾನೆಯ ಹುಡುಗಿಯರೆಲ್ಲ ನಿಮ್ಮ ಕೈಯನ್ನು ಹೊಗಳಿದರು.

ನೀವು ಬರೆದದ್ದನ್ನು ಓದಿ ತುಂಬಾ ಬೇಜಾರಾಯಿತು. ನಾನೂ ಆ ಮಾತು ಕೇಳಿದ್ದೇನೆ. ಇಲ್ಲಿ 'ಕೊನೆಯ ಸೀಟು' ಅಂತ ಒಂದು ಗ್ರೂಪು ಇದೆ. ಮೊದಮೊದಲು ಮಿನಿಬಸ್ಸು ತಡವಾದರೆ ಬೈದುಕೊಳ್ಳಲು ಶುರುವಾದದ್ದು, ಈಗ ಹದಿನೆಂಟು ಸಾವಿರ ಜನ. ಅವರದೇ ಒಂದು ಭಾಷೆ. ಮಾತಾಡಲು ಮನಸ್ಸಿಲ್ಲದಿದ್ದರೆ 'ಸೇತುವೆ ಮುಚ್ಚಿದೆ' ಅನ್ನುತ್ತಾರೆ. ಅತ್ತೆ ಊರಿಂದ ಬಂದರೆ 'ಟಿಕೆಟ್ ಚೆಕ್ಕಿಂಗ್'. ಹೊರಗಿನವರಿಗೆ ತಲೆಬುಡ ಗೊತ್ತಾಗಬಾರದು, ಅದೇ ಅವರ ಖುಷಿ. ಅಲ್ಲಿಂದಲೇ ಇದೂ ಹರಡಿರಬೇಕು.

ಯಾರು ಹಾಕಿದರೆಂದು ಹೇಳುವುದು ಕಷ್ಟ, ಅತ್ತಿಗೆ. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಇರುವುದಿಲ್ಲ. ಅವತ್ತು ಗುಡಾರದಲ್ಲಿ ಎಷ್ಟೊಂದು ಹೆಂಗಸರಿದ್ದರು. ಬಾಗಿಲ ಹತ್ತಿರ ಕೂತವರಲ್ಲಿ ಯಾರೋ ತೆಗೆದಿರಬೇಕು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಂಥ ಮಾತುಗಳ ಆಯಸ್ಸು ಒಂದೆರಡು ತಿಂಗಳು. ಹೊಸದು ಬಂದರೆ ಹಳೆಯದನ್ನು ಯಾರೂ ಮೂಸುವುದಿಲ್ಲ.

ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ. ನನ್ನನ್ನು ಈಗ ಟೋಪಿಗಳ ಮೇಲೆ ಅಕ್ಷರ ಹೊಲಿಯುವ ಮಷೀನಿಗೆ ಹಾಕಿದ್ದಾರೆ.

ನಿಮ್ಮ,
ಬಾನಾಡಿ

*

ಸೂಸಾಮಿರ್
ಜುಲೈ 3

ನನ್ನ ಬಾನಾಡಿಗೆ,

ಆಯಸ್ಸು ಒಂದೆರಡು ತಿಂಗಳು ಅಂತ ನೀನು ಅಂದೆ. ಹೋದ ವಾರ ತುರಾತ್ ಹೊಸ ಟೋಪಿ ಹಾಕಿಕೊಂಡು ಲಾರಿಯಿಂದಿಳಿದ. ಹಣೆಯ ಮೇಲೆ ಕೆಂಪು ದಾರದಲ್ಲಿ 'ಅರ್ಧಸಕ್ಕರೆ'. ಯಾರೋ ಪ್ರಯಾಣಿಕ ಬಿಟ್ಟುಹೋದದ್ದಂತೆ. ಐವತ್ತು ದಾಟಿದ ಗಂಡಸು, ಐದು ಮೊಮ್ಮಕ್ಕಳ ಅಜ್ಜ. ಅದನ್ನು ಹಾಕಿಕೊಂಡು ಬರಬೇಡವೆಂದು ಹೇಳಿದೆ. "ಯಾಕಮ್ಮ, ಏನದು ಬೈಗಳಾ?" ಅಂತ ಗಾಬರಿಯಾದ. ಪಾಪ, ಬಿಸಿಲಿಗೆ ಬೇರೆ ಟೋಪಿಯಿಲ್ಲ, ಒಳಹೊರಗು ಮಾಡಿ ಹಾಕಿಕೊಂಡ. ಈಗ ಹಣೆಯ ಮೇಲೆ ಗಂಟುಗಂಟು ದಾರ ಕಾಣುತ್ತದೆ, ನನಗೆ ಅದೂ ಓದಲು ಬರುತ್ತದೆ.

ನಿನಗೂ ಹೇಳದ ಒಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಸೊಸೆಯಾಗಿ ಬಂದವಳು ಗಂಡನ ಮನೆಯವರ ಹೆಸರು ಹಿಡಿದು ಕರೆಯುವ ಹಾಗಿಲ್ಲ, ಗೊತ್ತಲ್ಲ. ಮಾವನಿಗೊಂದು, ಮೈದುನನಿಗೊಂದು, ನಾದಿನಿಗೊಂದು ಹೆಸರು ಕಟ್ಟಬೇಕು. ನಿನಗೆ ಆಗ ಒಂಬತ್ತು ವರ್ಷ, ಬೆಳಗಾಗುವ ಮೊದಲೇ ಚಿಲಿಪಿಲಿ ಶುರುಮಾಡುತ್ತಿದ್ದೆ, ಬಾನಾಡಿ ಆದೆ. ನಿನ್ನ ನಿಜವಾದ ಹೆಸರು ನನ್ನ ಬಾಯಲ್ಲಿ ಒಂದು ಸಲವೂ ಬಂದಿಲ್ಲ.

ಮದುವೆಯಾದ ಬೆಳಿಗ್ಗೆ ನಾನು ಮದುಮಗಳ ಪರದೆಯ ಹಿಂದೆ ಕೂತಿದ್ದೆ. ಹಸಿವು, ಭಯ, ಸುತ್ತ ಗೊತ್ತಿಲ್ಲದ ದನಿಗಳು. ಪರದೆಯ ಅಡಿಯಿಂದ ಒಂದು ಕೈ ಒಳಗೆ ಬಂತು. ಬೆರಳ ತುದಿಯಲ್ಲಿ ಹಲ್ಲಿನಿಂದ ಕಡಿದು ಇಬ್ಭಾಗ ಮಾಡಿದ ಸಕ್ಕರೆ ತುಂಡು. ಆಚೆ ನಿನ್ನ ಅಣ್ಣ ಉಳಿದರ್ಧ ಬಾಯಲ್ಲಿಟ್ಟುಕೊಂಡು ಚಹಾ ಹೀರುವುದು ಕೇಳಿಸುತ್ತಿತ್ತು. ಅವತ್ತಿನಿಂದ ಹದಿನೇಳು ವರ್ಷ ದಿನವೂ ಅದೇ. ಅರ್ಧ ಅವರಿಗೆ, ಅರ್ಧ ನನ್ನ ಬಸಿಗೆ. ಅವರಿಗೆ ನಾನು ಕಟ್ಟಿದ ಹೆಸರು ಅದು. ಇಬ್ಬರೇ ಇದ್ದಾಗ ಮಾತ್ರ ಕರೆಯುತ್ತಿದ್ದೆ. ಬೇರೆಯವರ ಮುಂದೆ ಅಂದದ್ದು ಒಂದೇ ಸಲ, ಆ ಅಕ್ಟೋಬರಿನಲ್ಲಿ, ಅವರು ಪರದೆಯ ಆಚೆ ಮಲಗಿದ್ದಾಗ. ಕೈ ಚಾಚಿ ಅಂತ ಬೇಡಿದೆ.

ಈಗ ಅದು ಟೋಪಿಯ ಮೇಲಿದೆ.

ವರ್ಷದೂಟಕ್ಕೆ ಅಕ್ಟೋಬರ್ ಒಂದನೇ ತಾರೀಖು ಗೊತ್ತು ಮಾಡಿದ್ದಾರೆ. ಅವತ್ತು ಕೊನೆಯ ಕೊಶೊಕ್ ಹಾಡಬೇಕು, ಕಪ್ಪು ಬಟ್ಟೆ ತೆಗೆಯಬೇಕು. ನಾನು ಹಾಡಲಾರೆ. ಬಾಯಿ ತೆರೆದರೆ ಆ ಹೆಸರು ಬರುತ್ತದೆ, ಹೆಸರು ಬಂದರೆ ಗುಡಾರದಲ್ಲಿರುವ ಹರೆಯದವರೆಲ್ಲ ನಗುತ್ತಾರೆ. ಹೆಸರಿಲ್ಲದೆ ಹೇಗೆ ಕಳಿಸಿಕೊಡಲಿ? ಯಾರನ್ನು ಕಳಿಸಿಕೊಟ್ಟ ಹಾಗಾಯಿತು?

ಬಾಗಿಲ ಹತ್ತಿರ ಕೂತವರು ಅಂತ ನೀನು ಬರೆದಿದ್ದೆ. ನೆನಪು ಮಾಡಿಕೊಂಡೆ. ಬಾಗಿಲ ಹತ್ತಿರ ಕೂತು ಚಹಾ ಬಗ್ಗಿಸುತ್ತಿದ್ದವಳು ಮೈರಾಮ್.

ಬುರುಲ್

*

ಬಿಷ್ಕೇಕ್
ಜುಲೈ 11

ಅತ್ತಿಗೆ,

ಮೂರು ಸಲ ಬರೆದು ಹರಿದು ಹಾಕಿದೆ. ತುರಾತಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ.

ಅದು ಅಣ್ಣನ ಹೆಸರೆಂದು ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ನಾನು ಬರೀ ಸಕ್ಕರೆ ಅಂದುಕೊಂಡಿದ್ದೆ.

ಮೈರಾಮ್ ಅಕ್ಕನೇ ಅಂತ ಹೇಗೆ ಹೇಳುತ್ತೀರಿ? ಆತುರ ಪಡಬೇಡಿ. ನಾನು ಬಾಗಿಲ ಹತ್ತಿರ ಅಂದದ್ದು ಸುಮ್ಮನೆ ಒಂದು ಅಂದಾಜಿಗೆ. ಮತ್ತೆ ಕೊಶೊಕ್ ಬಿಡಬೇಡಿ, ಬೇರೆ ಯಾವುದಾದರೂ ಮಾತು ಹಾಕಿ ಹಾಡಿ. ಬಿಳಿ ಗಿಡುಗ ಅನ್ನಿ. ತೀರಿಕೊಂಡವರನ್ನು ಎಲ್ಲರೂ ಹಾಗೇ ಅನ್ನುತ್ತಾರಲ್ಲ.

ಜಾಸ್ತಿ ಬರೆಯಲು ಸಮಯವಿಲ್ಲ.

ಬಾನಾಡಿ

*

ಸೂಸಾಮಿರ್
ಜುಲೈ 29

ನನ್ನ ಬಾನಾಡಿಗೆ,

ಬಿಳಿ ಗಿಡುಗ ಅನ್ನಬೇಕಂತೆ. ನಿನ್ನ ಅಣ್ಣನಿಗೆ ಕುದುರೆ ಹತ್ತುವಾಗಲೂ ಬೆನ್ನು ನೋಯುತ್ತಿತ್ತು, ಗಿಡುಗವಂತೆ.

ನಿನ್ನ ಕಾಗದ ಬರುವ ಮೊದಲೇ ನಾನು ಮೈರಾಮಳನ್ನು ಕೇಳಿಯಾಗಿತ್ತು. ನೇರವಾಗಿ ಕೇಳಲಿಲ್ಲ. ಹಾಲು ಕರೆಯುವ ಹೊತ್ತಿಗೆ ಅವಳು ಬಂದಾಗ, "ನಿನ್ ಫೋನಲ್ಲಿ ನನ್ ಹಾಡು ಇನ್ನೂ ಇದ್ಯಾ, ಇಲ್ಲ ಎಲ್ಲಾ ಹಂಚಿ ಆಯ್ತಾ?" ಅಂದೆ.

ಅವಳು ಪಾತ್ರೆ ಕೆಳಗಿಟ್ಟಳು. "ಏನಂದ್ರಿ?" ಅಂದಳು. ಹೇಳಿದೆ. ಎಲ್ಲ ಹೇಳಿದೆ, ಹೇಳಬಾರದ್ದನ್ನೂ ಹೇಳಿದೆ. ಅವಳು ಗುಡಾರದೊಳಗೆ ಹೋಗಿ ರೊಟ್ಟಿ ತಂದಳು. ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿ, "ಈ ಅನ್ನದಾಣೆ, ಬುರುಲಕ್ಕ, ನಾನು ಮಾಡಿದ್ರೆ ಇದು ನನ್ ಗಂಟ್ಲಲ್ಲಿ ಇಳೀಬಾರ್ದು. ಅವತ್ತು ನಾನು ನಿಮ್ ಜೊತೆ ಅತ್ತೆ. ನೀವು ನೋಡ್ಲಿಲ್ಲ, ಗೋಡೆ ಕಡೆ ತಿರುಗಿದ್ರಿ," ಅಂದಳು. ಮಾರನೆಯ ದಿನ ಗುಡಾರ ಬಿಚ್ಚಿ ಕುದುರೆಗಳನ್ನು ಹೊಡೆದುಕೊಂಡು ಆಚೆಯ ಇಳಿಜಾರಿಗೆ ಹೋದಳು.

ಈಗ ಒಬ್ಬಳೇ ಕರೆಯುತ್ತಿದ್ದೇನೆ. ಮರಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು, ಒಂದು ಕೈಯಲ್ಲಿ. ನಿನ್ನೆ ಒಂದು ಒದ್ದಿತು, ಪಕ್ಕೆಲುಬು ಊದಿದೆ. ಅದು ಹೋಗಲಿ. ಆ ರೊಟ್ಟಿ ಕಣ್ಣಿಗೆ ಕಟ್ಟಿದ ಹಾಗಿದೆ. ರೊಟ್ಟಿ ಹಿಡಿದು ಸುಳ್ಳು ಹೇಳುವವಳಲ್ಲ ಅವಳು. ಹಾಗಾದರೆ ನಾನು ಎಂಥ ಕೆಲಸ ಮಾಡಿದೆ? ನನಗೆ ನಾಚಿಕೆಯಾಗುತ್ತಿದೆ, ಆದರೂ ಹೋಗಿ ತಪ್ಪಾಯಿತು ಅನ್ನಲು ಬಾಯಿ ಬರುತ್ತಿಲ್ಲ, ಯಾಕೆಂದರೆ ಇನ್ಯಾರು ಅಂತ ಗೊತ್ತಿಲ್ಲ.

ನಿನಗೇನಾದರೂ ಗೊತ್ತಾಯಿತೇ?

ಬುರುಲ್

*

ಬಿಷ್ಕೇಕ್
ಆಗಸ್ಟ್ 6

ಅತ್ತಿಗೆ,

ಮೈರಾಮ್ ಅಕ್ಕ ಅಲ್ಲ. ನಾನು.

ಇಷ್ಟು ಬರೆದು ಲಕೋಟೆ ಅಂಟಿಸೋಣ ಅಂದುಕೊಂಡಿದ್ದೆ. ಆದರೆ ನೀವು ಹೇಗೆ, ಯಾಕೆ ಅಂತ ಒಬ್ಬರೇ ಕೂತು ಯೋಚಿಸುತ್ತೀರಿ. ಅದಕ್ಕಿಂತ ನಾನೇ ಹೇಳುವುದು ವಾಸಿ.

ಅವತ್ತು ನಾನು ನಿಮ್ಮ ಹಿಂದೆ, ಎಡಗಡೆಗೆ ಕೂತಿದ್ದೆ. ಒಡಹುಟ್ಟಿದವಳು, ನಾನೂ ಹಾಡಬೇಕಿತ್ತು. ನನಗೆ ಹಾಡಲು ಬರಲಿಲ್ಲ, ಅಳಲೂ ಬರಲಿಲ್ಲ. ಹಿಂದಿನ ಸಾಲಿನ ಅಜ್ಜಿಯರು, "ಪಟ್ಣದ್ ಕಣ್ಣು, ನೀರೇ ಇಲ್ಲ ನೋಡು," ಅಂತ ಪಿಸುಗುಟ್ಟಿದ್ದು ಕೇಳಿಸಿತು. ಮಾಸ್ಕೋದಲ್ಲಿದ್ದ ಚಿಕ್ಕಣ್ಣನಿಗೆ ಬರಲಾಗಿರಲಿಲ್ಲ, ಅವನಿಗೆ ಕಳಿಸಲೆಂದು ಫೋನು ತೆಗೆದೆ. ನಿಜ ಹೇಳಬೇಕೆಂದರೆ ಕೈಗೆ ಏನಾದರೂ ಕೆಲಸ ಬೇಕಿತ್ತು.

ಆಮೇಲೆ ಇಲ್ಲಿ ಬಂದು ಆ ಹಾಡನ್ನು ದಿನಾ ಬಸ್ಸಿನಲ್ಲಿ ಕೇಳುತ್ತಿದ್ದೆ. ಕಿವಿಗೆ ಹಾಕಿಕೊಂಡು, ಎರಡು ತಿಂಗಳು. ಆಗಲೂ ಅಳು ಬರಲಿಲ್ಲ. ನಿಮ್ಮ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು, ಅತ್ತಿಗೆ. ನನ್ನ ಅಣ್ಣ, ಅಳು ನಿಮ್ಮದು.

'ಕೊನೆಯ ಸೀಟು' ಗ್ರೂಪಿನಲ್ಲಿ ನಾನು ಮೊದಲಿನಿಂದ ಇದ್ದೇನೆ. ಅಲ್ಲಿ ಒಂದು ಹೊಸ ಮಾತು ಹುಟ್ಟಿಸಿದವರಿಗೆ ಬಹಳ ಬೆಲೆ. ನನ್ನದು ಒಂದೂ ಇರಲಿಲ್ಲ. ಡಿಸೆಂಬರಿನಲ್ಲಿ ಒಬ್ಬಳು, ಸಂಬಳದ ದಿನವೇ ಹೊಸ ಬೂಟು ಹರಿದುಹೋಯಿತೆಂದು ಗೋಳಾಡಿದಳು. ನನ್ನ ಬೆರಳು ತಾನಾಗಿ ಹೋಯಿತು ಅಂತ ಬರೆಯಲೇ? ಇಲ್ಲ. ನಾನು ಕೂತು, ಆರಿಸಿ, ನಾಲ್ಕು ಕ್ಷಣ ಕತ್ತರಿಸಿ ಹಾಕಿದೆ. ಆ ಮಾತನ್ನೇ ಯಾಕೆ ಆರಿಸಿದೆ ಅಂದರೆ, ಅವತ್ತು ಗುಡಾರದಲ್ಲಿ ಅದನ್ನು ಕೇಳಿದಾಗ ನನಗೆ ನಗು ಬಂದಿತ್ತು. ಎಲ್ಲರೂ ಗಿಡುಗ, ಬೆಟ್ಟ ಅನ್ನುವಾಗ ನನ್ನ ಅತ್ತಿಗೆ ಸಕ್ಕರೆ ಅನ್ನುತ್ತಾಳಲ್ಲ ಅಂತ. ಪಟ್ಟಣದವರು ಕೇಳಿದರೆ ಏನಂದುಕೊಂಡಾರು ಅಂತ ನಾಚಿಕೆಯೂ ಆಗಿತ್ತು.

ಐದು ನಿಮಿಷಕ್ಕೆ ಮುನ್ನೂರು ಜನ ನಕ್ಕರು. ಒಬ್ಬ, "ಯಾರಪ್ಪ ಈ ಹೆಂಗ್ಸು, ನಮ್ಮ ರಾಣಿ!" ಅಂತ ಬರೆದ. "ಗೊತ್ತಿಲ್ಲ, ಎಲ್ಲೋ ಸಿಕ್ತು," ಅಂತ ಬರೆದೆ. ನಿಮ್ಮನ್ನು ಗೊತ್ತಿಲ್ಲ ಅಂದೆ. ನನ್ನ ಜಡೆ ಹೆಣೆದವರನ್ನು. ಅವತ್ತು ಮನೆಗೆ ಬಂದು ಖುಷಿಯಲ್ಲಿ ಮಲಗಿದೆ ಅಂದರೆ ನಂಬುತ್ತೀರಾ? ಖುಷಿಯಲ್ಲೇ ಮಲಗಿದೆ.

ತುರಾತಣ್ಣನ ಟೋಪಿಯನ್ನು ಹೊಲಿದದ್ದೂ ನಾನೇ. ಮೇ ತಿಂಗಳಲ್ಲಿ ಇನ್ನೂರು ಟೋಪಿಗೆ ಬೇಡಿಕೆ ಬಂತು. ಮೇಲ್ವಿಚಾರಕಿ ಕಾಗದ ಕೊಟ್ಟಳು, ನೋಡಿದೆ, ದಾರ ಪೋಣಿಸಿದೆ. ಜೂನಿನಲ್ಲಿ ನಿಮ್ಮ ಕಾಗದ ಬಂದಾಗ ಅರ್ಧ ಮುಗಿದಿತ್ತು. ಉಳಿದರ್ಧವನ್ನೂ ಹೊಲಿದೆ. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು.

ನೀವು ಜುಲೈನಲ್ಲಿ ಅದು ಅವನ ಹೆಸರು ಅಂತ ಬರೆದಿರಿ. ಆ ಕಾಗದವನ್ನು ಮಷೀನಿನ ಪಕ್ಕದಲ್ಲೇ ಓದಿದ್ದು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೂ ಮೈರಾಮ್ ಅಕ್ಕನ ಮೇಲೆ ಅನುಮಾನ ಬಂದಾಗ ಬಾಯಿ ಮುಚ್ಚಿಕೊಂಡೆ. ನಾಚಿಕೆಗೇಡಿ ಅಂದರೆ ಯಾರು ಅಂತ ಈಗ ನನಗೆ ಗೊತ್ತು.

ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ.

ಜಿಪಾರ್

*

ಬಿಷ್ಕೇಕ್
ಆಗಸ್ಟ್ 27

ಅತ್ತಿಗೆ,

ತುರಾತಣ್ಣ ಮೂರು ಸಲ ಬಂದು ಹೋದ. ಮೊದಲ ಸಲ, "ಕೊಟ್ಟೆ, ತಗೊಂಡ್ರು," ಅಂದ. ಎರಡನೇ ಸಲ, "ಏನೂ ಕೊಡ್ಲಿಲ್ಲಮ್ಮ," ಅಂದ. ಮೂರನೇ ಸಲ ನಾನು ಕೇಳುವ ಮೊದಲೇ ಲಾರಿಯ ಚಕ್ರ ನೋಡತೊಡಗಿದ.

ಪಕ್ಕೆಲುಬು ಹೇಗಿದೆ? ಅಷ್ಟನ್ನಾದರೂ ಅವನ ಹತ್ತಿರ ಹೇಳಿ ಕಳಿಸಿ.

ಜಿಪಾರ್

*

ಸೂಸಾಮಿರ್
ಸೆಪ್ಟೆಂಬರ್ 4

ಜಿಪಾರ್,

ನೋಡು, ಹದಿನೆಂಟು ವರ್ಷದಲ್ಲಿ ಮೊದಲ ಸಲ ನಿನ್ನ ಹೆಸರು ಬರೆದೆ. ಕಷ್ಟವೇನೂ ಆಗಲಿಲ್ಲ.

ನನ್ನ ಕ್ಷಮೆ ಕೇಳುವ ಮೊದಲು ಮೈರಾಮಳ ಹತ್ತಿರ ಹೋಗು. ಅವಳು ಊರಿಗೆ ಇಳಿದಿದ್ದಾಳೆ. ನಾನು ಹೋಗಿ ಅವಳ ಬಾಗಿಲಲ್ಲಿ ನಿಂತು ಬಂದಾಯಿತು. ನನ್ನ ಪಾಲಿನದು ಮುಗಿಯಿತು, ನಿನ್ನದು ಬಾಕಿ ಇದೆ.

ವರ್ಷದೂಟಕ್ಕೆ ನೀನು ಬರಲೇಬೇಕು. ಇದು ನಾನು ಕರೆಯುವ ಕರೆಯಲ್ಲ, ನೀನು ಅವರ ತಂಗಿ. ಕೊಶೊಕ್ ಒಡಹುಟ್ಟಿದವಳು ಶುರುಮಾಡಬೇಕು. ಹೋದ ಸಲ ನಿನಗೆ ಬರಲಿಲ್ಲ. ಈ ಸಲ ಏನು ಹಾಡುತ್ತೀ ಅನ್ನುವುದು ನಿನಗೆ ಬಿಟ್ಟದ್ದು. ನಾನು ಹಾಡುವೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಪಕ್ಕೆಲುಬು ವಾಸಿಯಾಗಿದೆ.

ಬುರುಲ್

*

ಊರಿನಿಂದ
ಅಕ್ಟೋಬರ್ 7

ಜಿಪಾರ್,

ನೀನು ಊಟಕ್ಕೂ ನಿಲ್ಲದೆ ಹೋದೆ. ಮಾಂಸದ ತಟ್ಟೆ ಎತ್ತಿಟ್ಟಿದ್ದೆ, ಆಮೇಲೆ ಮೈರಾಮಳ ಮನೆಗೆ ಕೊಟ್ಟೆ. ಅವಳು ಬಂದಿದ್ದಳು, ಅದೇ ಬಾಗಿಲ ಹತ್ತಿರ ಕೂತಿದ್ದಳು. ನೀನು ಅವಳ ಮನೆಗೆ ಹೋಗಿದ್ದೆಯಂತೆ. "ಬಂದಿದ್ಲು," ಅಂದಳು, ಅಷ್ಟೇ. ಇನ್ನೇನು ನಡೆಯಿತೆಂದು ನಾನು ಕೇಳಲಿಲ್ಲ.

ನಾನು ಗೋಡೆಗೆ ಮುಖ ಮಾಡಿ ಕೂತವಳು. ನೀನು ಕಂಡದ್ದನ್ನು ನಾನು ಕಂಡಿಲ್ಲ, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ನಿನ್ನ ದನಿ ಕೆಟ್ಟದಾಗಿತ್ತು. ರಾಗವಿಲ್ಲ, ಉಸಿರು ನಡುವೆ ನಡುವೆ ಕಡಿಯುತ್ತಿತ್ತು. ಒಡಹುಟ್ಟಿದವನೇ ಅಂದೆ, ನನ್ನನ್ನು ಹೆಗಲ ಮೇಲೆ ಹೊತ್ತವನೇ ಅಂದೆ, ಅಲ್ಲಿಯವರೆಗೆ ಎಲ್ಲರೂ ಹಾಡುವಂಥದೇ. ಆಮೇಲೆ,

"ಅತ್ತಿಗೆ ನಿನಗೆ ಕಟ್ಟಿದ ಹೆಸರ
ಕದ್ದವಳು ನಾನೇ ಅಣ್ಣಯ್ಯಾ,
ನಗುವವರ ನಡುವೆ ಚೆಲ್ಲಿದೆನಲ್ಲೋ,
ಅರ್ಧಸಕ್ಕರೆ ನನ್ನಣ್ಣಯ್ಯಾ"

ಅಂದೆ. ಆ ಮಾತು ಬಂದ ಕೂಡಲೇ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹರೆಯದ ದನಿ. ಬೇಕೆಂದು ನಕ್ಕದ್ದಲ್ಲ, ಅಭ್ಯಾಸಬಲ. ನನ್ನ ಬೆನ್ನು ಬೆಂಕಿಯಾಯಿತು. ನೀನು ನಿಲ್ಲಿಸುತ್ತೀ ಅಂದುಕೊಂಡೆ. ನಿಲ್ಲಿಸಲಿಲ್ಲ. ಅದೇ ಸಾಲನ್ನು ಮತ್ತೆ ಹಾಡಿದೆ. ಮೂರನೇ ಸಲ ಹಾಡಿದೆ. ಮೂರನೇ ಸಲಕ್ಕೆ ಯಾರೂ ನಗಲಿಲ್ಲ, ಆಮೇಲೆ ನಿನಗೆ ಅಳು ಬಂತು. ಹಿಂದಿನ ಸಾಲಿನ ಅಜ್ಜಿಯರು, "ಅಂತೂ ಬಂತಪ್ಪ," ಅಂದದ್ದು ನಿನಗೂ ಕೇಳಿಸಿರಬೇಕು. ಅವರಿಗೇನು ಗೊತ್ತು?

ಆಮೇಲೆ ನನ್ನ ಸರದಿ. ಬಾಯಿ ತೆರೆದೆ, ಆ ಹೆಸರು ಬರಲಿಲ್ಲ. ನೀನು ಮೂರು ಸಲ ಹಾಡಿ ಅದನ್ನು ತೊಳೆದೆ, ನಿಜ. ಆದರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಕಡೆಗೆ ನಾನು ಏನಂದೆ ಅಂತ ನಿನಗೂ ಕೇಳಿಸಿತು, ಊರಿಗೆಲ್ಲ ಕೇಳಿಸಿತು. "ಕುಬಾತ್," ಅಂದೆ. ಗಂಡನ ಹೆಸರು ಹಿಡಿದು ಕರೆದೆ. ಒಬ್ಬ ಮುದುಕಿ ಲೊಚಗುಟ್ಟಿದಳು. ನಾನು ನಿಲ್ಲಿಸದೆ ಕುಬಾತ್, ಕುಬಾತ್ ಅಂತಲೇ ಕೊನೆಯವರೆಗೆ ಹಾಡಿದೆ.

ಹಾಡು ಚೆನ್ನಾಗಿತ್ತು ಅಂತ ಎಲ್ಲರೂ ಅಂದರು. ಆದರೆ ನಿನಗೊಂದು ಹೇಳಲೇಬೇಕು, ಯಾಕೆಂದರೆ ಇದನ್ನು ನೀನಲ್ಲದೆ ಬೇರೆ ಯಾರೂ ಹೊರಬೇಕಾಗಿಲ್ಲ. ಅದು ಪಾಸ್‌ಪೋರ್ಟಿನಲ್ಲಿರುವ ಹೆಸರು. ಆಸ್ಪತ್ರೆಯವರು ಬಾಗಿಲಲ್ಲಿ ನಿಂತು ಕೂಗಿದ ಹೆಸರು. ಆ ಹೆಸರಿಗೆ ನಿನ್ನ ಅಣ್ಣ ತಿರುಗಿ ನೋಡಲಿಲ್ಲ. ಯಾರನ್ನೋ ಕರೆಯುತ್ತಿದ್ದಾಳೆ ಅಂದುಕೊಂಡು ಹೊರಟುಹೋದರು ಅನ್ನಿಸಿತು.

ನನ್ನ ಕಪ್ಪು ರುಮಾಲು ಬಿಚ್ಚಿ ಬಿಳಿಯದು ಕಟ್ಟುವಾಗ ನಿನ್ನ ಕೈಯಿಂದ ಗಂಟು ಎರಡು ಸಲ ಜಾರಿತು. ನಾನು ತಲೆ ಬಗ್ಗಿಸಿದೆ. ಅಷ್ಟು ನನ್ನಿಂದಾಯಿತು. ಅದನ್ನು ಕ್ಷಮೆ ಅಂದುಕೊಳ್ಳಬೇಡ.

ಬುರುಲ್

*

ಬಿಷ್ಕೇಕ್
ಅಕ್ಟೋಬರ್ 22

ಅತ್ತಿಗೆ,

ಉತ್ತರ ಬಯಸಿ ಬರೆಯುತ್ತಿಲ್ಲ. ನಡೆದದ್ದು ನಿಮಗೆ ತಿಳಿದಿರಲಿ ಅಂತ.

ಊರಿಂದ ಬಂದ ಮೇಲೆ ಹತ್ತು ದಿನ ಗ್ರೂಪು ತೆರೆಯಲಿಲ್ಲ. ತೆರೆದಾಗ ಅಲ್ಲಿ ಆ ಮಾತೇ ಇರಲಿಲ್ಲ. ಈಗ ಎಲ್ಲದಕ್ಕೂ 'ಚಿಕ್ಕಪ್ಪನ ಛತ್ರಿ' ಅನ್ನುತ್ತಿದ್ದಾರೆ. ಯಾಕೆ, ಏನು ಅಂತ ನನಗೆ ಗೊತ್ತಿಲ್ಲ. ಯಾರ ಚಿಕ್ಕಪ್ಪನೋ, ಎಲ್ಲಿ ಸತ್ತನೋ. ಕಾರ್ಖಾನೆಯಲ್ಲಿ ಮಾರಾಟವಾಗದೆ ವಾಪಸು ಬಂದ ಅರವತ್ತು ಟೋಪಿ ಮೂಲೆಯಲ್ಲಿ ಬಿದ್ದಿದ್ದವು. ಕೇಳಿ ಮನೆಗೆ ತಂದೆ. ದಿನಾ ಸಂಜೆ ಕೂತು ಬ್ಲೇಡಿನಿಂದ ದಾರ ಬಿಚ್ಚುತ್ತಿದ್ದೇನೆ. ಬಿಚ್ಚಿದರೂ ಸೂಜಿಯ ತೂತು ಉಳಿಯುತ್ತದೆ, ಬೆಳಕಿಗೆ ಹಿಡಿದರೆ ಅಕ್ಷರ ಓದಬಹುದು. ಒಂದನ್ನು ತುರಾತಣ್ಣನಿಗೆ ಕೊಟ್ಟೆ.

ಮೊನ್ನೆ ಹಳಬನೊಬ್ಬ ಏನೋ ಮುರಿದದ್ದಕ್ಕೆ 'ಅರ್ಧಸಕ್ಕರೆ' ಅಂತ ಹಾಕಿದ. ಹೊಸದಾಗಿ ಸೇರಿದವಳೊಬ್ಬಳು, "ಅರ್ಧಸಕ್ಕರೆ ಅಂದ್ರೇನು?" ಅಂತ ಕೇಳಿದಳು. ಅವರಲ್ಲಿ ಹಾಗೆ ಕೇಳುವವರನ್ನು ಗೋಳುಹೊಯ್ದುಕೊಳ್ಳುವುದು ವಾಡಿಕೆ. ನಾನೂ ಎಷ್ಟೋ ಜನರನ್ನು ಹೊಯ್ದುಕೊಂಡಿದ್ದೇನೆ. ಯಾರಾದರೂ ಏನಾದರೂ ಬರೆಯುವ ಮೊದಲು ಬರೆದೆ: "ಅದು ನನ್ನ ಅಣ್ಣನ ಹೆಸರು. ಅವನು ತೀರಿಕೊಂಡಾಗ ನನ್ನ ಅತ್ತಿಗೆ ಅತ್ತದ್ದು. ಇಲ್ಲಿ ತಂದು ಹಾಕಿದ್ದು ನಾನು." ನನ್ನ ನಿಜವಾದ ಹೆಸರೂ ಬರೆದೆ.

ನಾಲ್ಕು ಜನ ನಗುವ ಮುಖ ಹಾಕಿದರು. ಹೊಸ ತಮಾಷೆ ಅಂದುಕೊಂಡರು. ಒಬ್ಬ, "ಚಿಕ್ಕಪ್ಪನ ಛತ್ರಿ!" ಅಂದ. ನಾನು ತಮಾಷೆಯಲ್ಲ ಅಂತ ಬರೆದೆ. ಆಮೇಲೆ ಯಾರೂ ಏನೂ ಬರೆಯಲಿಲ್ಲ. ಆ ಹೊಸಬಳು ಮಾತ್ರ, "ಕ್ಷಮಿಸಿ, ನಂಗೆ ಗೊತ್ತಿರ್ಲಿಲ್ಲ," ಅಂದಳು. ಅತ್ತಿಗೆ, ಆ ಮಾತು ಹೇಳಬೇಕಾದವಳು ಅವಳಾಗಿರಲಿಲ್ಲ.

ಅವರು ಅದನ್ನು ಬಿಸಾಡಿದ್ದಾರೆ. ಇನ್ನು ಅದು ಯಾರದೂ ಅಲ್ಲ. ನಿಮ್ಮದು ನಿಮಗೆ ವಾಪಸು ಅನ್ನಲು ನನಗೆ ಮುಖವಿಲ್ಲ, ಅಂಗಡಿಯಲ್ಲಿ ಕದ್ದದ್ದನ್ನು ಹರಿದ ಮೇಲೆ ತಂದಿಟ್ಟ ಹಾಗೆ. ತಿಳಿಸಿದೆ, ಅಷ್ಟೇ.

ಜಿಪಾರ್

*

ಊರಿನಿಂದ
ನವೆಂಬರ್ 9

ನಾದಿನಿಗೆ,

ಬಾನಾಡಿ ಅಂತ ಬರೆಯಲು ಹೋದೆ, ಲೇಖನಿ ನಿಂತಿತು. ಜಿಪಾರ್ ಅನ್ನಲೂ ಮನಸ್ಸಾಗಲಿಲ್ಲ. ಸದ್ಯಕ್ಕೆ ಇದೇ ಇರಲಿ.

ಮೊದಲ ಹಿಮ ಬಿದ್ದಿದೆ. ತುರಾತನ ಲಾರಿ ಇನ್ನು ವಸಂತದವರೆಗೆ ಬರುವುದಿಲ್ಲ, ಇದು ಕೊನೆಯ ಸವಾರಿ. ಅವನು ನಿನ್ನ ಟೋಪಿ ಹಾಕಿಕೊಂಡು ಬಂದಿದ್ದ, ಸರಿಯಾಗಿ, ಹೊರಮೈ ಹೊರಗೆ. ಮೈರಾಮಳೂ ನಾನೂ ಮತ್ತೆ ಒಟ್ಟಿಗೆ ಚಹಾ ಕುಡಿಯುತ್ತಿದ್ದೇವೆ. ಮೊದಲಿನಷ್ಟು ಮಾತಾಡುವುದಿಲ್ಲ ಅವಳು. ಅದು ನನ್ನಿಂದಾದದ್ದು.

ಕುರಿಯ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹಾಕಿಕೋ, ಆ ಕಾರ್ಖಾನೆಯ ನೆಲ ತಣ್ಣಗಿರುತ್ತದೆ.

ನಿನ್ನ ಕಾಗದ ಓದಿ ಮೂರು ದಿನವಾಯಿತು. ಇವತ್ತು ಬೆಳಿಗ್ಗೆ ಚಹಾ ಬಗ್ಗಿಸಿಕೊಂಡು, ಒಂದು ಸಕ್ಕರೆ ತುಂಡನ್ನು ಹಲ್ಲಿನಿಂದ ಕಡಿದು, ಅರ್ಧವನ್ನು ಎದುರಿನ ಬಸಿಯಲ್ಲಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿ ಬಂದು, ಆ ಹೆಸರು ಹಿಡಿದು ಒಂದು ಸಲ ಕರೆದು ನೋಡಿದೆ.

ಏನಾಯಿತೆಂದು ನಿನಗೆ ಬರೆಯುವುದಿಲ್ಲ.

ಬುರುಲ್